ಶೂ ಬಿಟ್ಟು ಗೆದ್ದ ಕಪ್ಪು

ಓಟ ಎಂಬುದು ಮುಖ್ಯವಾಗಿ ಶೂವಿನ ಕೆಲಸ, ಕಾಲು ಸುಮ್ಮನೆ ಜೊತೆಗಿರುತ್ತದೆ ಎಂದು ನಾನು ದೃಢವಾಗಿ ನಂಬಿದ್ದ ಕಾಲವದು. ನಮ್ಮ ಕಚೇರಿಯ ಕ್ರೀಡಾಕೂಟದಲ್ಲಿ ಪ್ರತಿವರ್ಷ ಓಟದ ಕಪ್ಪು ಒಯ್ಯುತ್ತಿದ್ದವನು ಪಕ್ಕದ ಟೇಬಲ್ಲಿನ, ಬೆಳಂಬಾರದ ಗಣಪತಿ. "ಈ ಸಲ ಕಪ್ಪು ನಮ್ಮ ಶೋಕೇಸಿಗೆ" ಎಂದು ಹೆಂಡತಿ ಸುಮನಾಳಿಗೆ ಮಾತು ಕೊಟ್ಟೆ. ಅವಳು ಕೂಡಲೇ ತವರಿಗೆ ಫೋನ್ ಮಾಡಿ ಹೇಳಿಬಿಟ್ಟಳು. ಇನ್ನು ಸೋಲುವ ಹಾಗಿರಲಿಲ್ಲ.

ಮಡಗಾಂವಿಗೆ ಹೋಗಿ ಶೂ ತಂದೆ. ಹಿಮ್ಮಡಿಯ ಕೆಳಗೆ ಇಡ್ಲಿಯಷ್ಟು ದಪ್ಪದ ಮೆತ್ತೆ. "ಹಿಮ್ಮಡಿ ಎತ್ತರ ಇದ್ರೆ ಮೀನಖಂಡಕ್ಕೆ ಕೆಲಸ ಕಡಿಮೆ" ಎಂದಿದ್ದ ಅಂಗಡಿಯವನು. ಕೆಲಸ ಕಡಿಮೆ ಎಂದರೆ ಸರಕಾರಿ ನೌಕರನಿಗೆ ಇನ್ನೇನು ಬೇಕು! ತಿಂಗಳುಗಟ್ಟಲೆ ಡಾಂಬರು ರಸ್ತೆಯಲ್ಲಿ ಓಡಿದೆ. ಮೀನಖಂಡ ಒಂದು ದಿನವೂ ನೋಯಲಿಲ್ಲ. ಅದು ರಜೆಯ ಮೇಲಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಓಟ ಕಾರವಾರದ ಕಡಲತೀರದಲ್ಲಿ. ಸೀಟಿ ಊದಿದ್ದೇ ತಡ, ನನ್ನ ಶೂವಿನ ದಪ್ಪ ಹಿಮ್ಮಡಿ ಮರಳಿನಲ್ಲಿ ಹೂತುಹೋಯಿತು. ಗಣಪತಿ ಮುಂದೆ ಹೋದ.

"ಅದನ್ನ ಕಿತ್ತು ಒಗೀರಿ ಮಾರಾಯ್ರೆ" ಎಂದು ಸುಮನಾ ಬದಿಯಿಂದ ಕೂಗಿದಳು. "ಸಣ್ಣಿದ್ದಾಗ ನಿಮ್ಮೂರು ಅವರ್ಸಾದಲ್ಲಿ ಎಂತ ಶೂ ಹಾಕಿ ಓಡ್ತಿದ್ರಿ?"

ಕಿತ್ತು ಒಗೆದೆ. ನೀರಿನಂಚಿನ ಗಟ್ಟಿ ಮರಳಿಗಿಳಿದು ಬರಿಗಾಲಲ್ಲಿ ಓಡಿದೆ. ಗಣಪತಿಯನ್ನು ಹಿಂದೆ ಹಾಕಿ ದಾರಕ್ಕೆ ಎದೆ ತಾಗಿಸಿದಾಗ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಸುಮನಾಳಿಗೆ ಹೇಳಿಲ್ಲ.

ತಿರುಗಿ ನೋಡಿದರೆ ಶೂ ಇಲ್ಲ. ಕಡಲ ಬದಿಯಲ್ಲೇ ಹುಟ್ಟಿ ಬೆಳೆದ ನಾನು, ಭರತಿಯ ನೀರು ಏರುವ ಹೊತ್ತಿನಲ್ಲಿ ಶೂವನ್ನು ನೀರಿನ ಕಡೆಗೇ ಒಗೆದಿದ್ದೆ! "ದೇವಬಾಗದ ಬದಿಗೆ ಹೋಗಿರ್ಬೇಕು. ಅಲ್ಲಿ ಮೀನುಗಾರರ ಬಲೆಗೆ ಬಿದ್ರೆ ಕಳಿಸ್ತ್ರು" ಎಂದು ಗಣಪತಿ ಸಮಾಧಾನ ಹೇಳಿದ.

ಮರುದಿನ ಬಹುಮಾನ ವಿತರಣೆ. ಮಂಚದಿಂದಿಳಿದು ಹಿಮ್ಮಡಿ ಊರಿದ ಕೂಡಲೇ ಪ್ರಾಣ ಹೋದಂತಾಯಿತು. ರಜೆಯಿಂದ ಬಂದ ಮೀನಖಂಡದ ಮೇಲೆ ಇಷ್ಟು ದಿನದ ಬಾಕಿ ಕೆಲಸವನ್ನೆಲ್ಲ ಒಮ್ಮೆಲೇ ಹೇರಿದ್ದೆನಲ್ಲ. ತುದಿಗಾಲಲ್ಲಿ ನಿಂತರೆ ಮಾತ್ರ ನೋವಿಲ್ಲ.

"ಗಣಪತಿನೇ ಕಪ್ಪು ತಂದು ಕೊಡ್ಲಿ" ಎಂದೆ.

"ಅವ್ರ ಕೈಗೆ ಕೊಟ್ರೆ ಅದು ಅಭ್ಯಾಸದ ಮೇಲೆ ಬೆಳಂಬಾರಕ್ಕೇ ಹೋಗ್ತದೆ" ಎಂದು ಸುಮನಾ ಒಳಗೆ ಹೋಗಿ ತನ್ನ ಎತ್ತರ ಹಿಮ್ಮಡಿಯ ಮದುವೆ ಚಪ್ಪಲಿ ತಂದಿಟ್ಟಳು.

ಹಾಕಿಕೊಂಡೆ. ನೋವು ಮಾಯ! ಟಕ್ ಟಕ್ ಎಂದು ವೇದಿಕೆ ಹತ್ತಿದೆ. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು.

ಕಪ್ಪು ನಮ್ಮ ಶೋಕೇಸಿನಲ್ಲಿದೆ. ಪಕ್ಕದ ಫೋಟೊದಲ್ಲಿ ನಾನು ಕಪ್ಪು ಕೊಡುತ್ತಿರುವ ಸಾಹೇಬರಿಗಿಂತ ಎತ್ತರ. ನೆಂಟರು ಬಂದಾಗಲೆಲ್ಲ ಸುಮನಾ ಆ ಫೋಟೊದ ಕೆಳತುದಿಗೆ ಬೆರಳಿಟ್ಟು ಹೇಳುತ್ತಾಳೆ: "ಕಾಲು ಇವರದು. ಚಪ್ಪಲಿ ನಂದು."