ಅಕ್ಕ ಒಡೆಯಲಾರದ ದೀಪಗಳು

ಗಂಡಸಿಗೆ ಒಂದು ವಯಸ್ಸಾದ ಮೇಲೆ ಮನೆಯವರ ಮುಂದೆ ಹೇಳಿಕೊಳ್ಳಲಾಗದ ಚಟ ಒಂದಾದರೂ ಅಂಟಿಕೊಳ್ಳುತ್ತದೆ. ಕೆಲವರು ಕದ್ದು ಬೀಡಿ ಸೇದುತ್ತಾರೆ, ಕೆಲವರು ಕದ್ದು ಇಸ್ಪೀಟಾಡುತ್ತಾರೆ. ನಾನು ಕದ್ದು ದೆವ್ವಗಳನ್ನು ಕೊಲ್ಲುತ್ತಿದ್ದೆ. ನಲವತ್ತು ದಾಟಿ, ನೆತ್ತಿ ಬಯಲಾಗಿ, ಬೀದಿಯ ಹುಡುಗರು ‘ಅಂಕಲ್’ ಎಂದು ಕರೆಯುವ ಹೊತ್ತಿಗೆ ಈ ಕೆಲಸಕ್ಕೆ ಇಳಿದೆನೆಂದರೆ ಯಾರೂ ಮೆಚ್ಚುವುದಿಲ್ಲ. ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಹೊಸಕೋಟೆಯ ನನ್ನಂಥವರಿಗೂ ಅಲ್ಲಿನ ಸರಕು ಗೋದಾಮಿನಲ್ಲಿ ಕೆಲಸ ಸಿಕ್ಕಿತ್ತು. ಕಂಪನಿಯ ಬಸ್ಸು ಸೂಲಿಬೆಲೆ ರಸ್ತೆ ಹಿಡಿದು ಓಲಾಡುತ್ತಾ ಹೋಗುವಾಗ ಹೊತ್ತು ಕಳೆಯುವುದೇ ಕಷ್ಟ. ಬೇರೆ ದೇಶಕ್ಕೆ ಹೊರಟ ಸಹೋದ್ಯೋಗಿಯೊಬ್ಬ, “ಇಟ್ಕೋ ಗುರು, ಬಸ್ಸಲ್ಲಿ ಟೈಮ್ ಪಾಸ್ ಆಗುತ್ತೆ” ಎಂದು ತನ್ನ ಹಳೆಯ ಆಟದ ಯಂತ್ರವನ್ನು ನನ್ನ ಕೈಗಿಟ್ಟು ಹೋದ. ಮಡಚಿದರೆ ಕನ್ನಡಕದ ಡಬ್ಬಿಯಷ್ಟು, ಬಿಚ್ಚಿದರೆ ಎರಡು ಪರದೆ. ಮನೆಯಲ್ಲಿ ನಾನದನ್ನು ಕನ್ನಡಕದ ಡಬ್ಬಿ ಎಂದೇ ನಂಬಿಸಿದ್ದೆ. ನನಗೆ ಕನ್ನಡಕವೇ ಇಲ್ಲ ಎಂಬುದು ನನ್ನ ಹೆಂಡತಿ ಶೋಭಾಳಿಗೆ ಹೊಳೆಯಲು ಒಂದು ವಾರ ಹಿಡಿಯಿತು.

ಆಟ ಇಷ್ಟೇ. ಒಂದು ಪಾಳುಬಿದ್ದ ಕೋಟೆ, ಕೋಣೆಯಿಂದ ಕೋಣೆಗೆ ಬಾಗಿಲು, ಕೋಣೆಯ ತುಂಬ ಎದ್ದು ಓಡಾಡುವ ಎಲುಬುಗೂಡುಗಳು, ಬಾವಲಿಗಳು, ತಲೆಯಿಲ್ಲದ ಸೈನಿಕರು. ಕೆಳಗಿನ ಪರದೆಯಲ್ಲಿ ನಮ್ಮ ವೀರ ಕತ್ತಿ ಹಿಡಿದು ಓಡುತ್ತಾನೆ. ಮೇಲಿನದರಲ್ಲಿ ಕೋಟೆಯ ನಕ್ಷೆ. ಕಾಲಿಟ್ಟ ಕೋಣೆ ಮಾತ್ರ ಅಲ್ಲಿ ಬಣ್ಣ ತಾಳುತ್ತದೆ. ಗೋಡೆಯ ಮೇಲೆ ಉರಿಯುವ ದೀಪಗಳಿವೆ. ಅವನ್ನು ಹೊಡೆದು ಕೆಡವಿದರೆ ಪುಟ್ಟ ಕೆಂಪು ಹೃದಯ ಉದುರುತ್ತದೆ, ಅದನ್ನು ಹೆಕ್ಕಿಕೊಂಡರೆ ಮಂತ್ರ ಹಾಕುವ ಶಕ್ತಿ ಬರುತ್ತದೆ. ಮಂತ್ರವಿಲ್ಲದೆ ದೊಡ್ಡ ದೆವ್ವ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಆಡಿದ್ದನ್ನು ಉಳಿಸಿಕೊಳ್ಳಬೇಕಾದರೆ ಅದಕ್ಕೆಂದೇ ಇರುವ ಕೋಣೆ ಹುಡುಕಿ ‘ಸೇವ್’ ಮಾಡಬೇಕು. ಆ ಕೋಣೆ ಸಿಗದೆ ನಾನು ಬಸ್ಸಿನಿಂದ ಇಳಿಯದೆ ಕೂತು, ಡ್ರೈವರು “ಏನ್ ಸಾರ್, ಇಲ್ಲೇ ಮನೆ ಮಾಡ್ಕೊಂಡ್ರಾ” ಎಂದು ಕೇಳಿದ್ದೂ ಉಂಟು. ನನಗೆ ಬಹಳ ಹಿಡಿಸಿದ ನಿಯಮವೆಂದರೆ, ವೀರ ಎಷ್ಟು ಎತ್ತರದಿಂದ ಬಿದ್ದರೂ ಅವನಿಗೆ ಏನೂ ಆಗುವುದಿಲ್ಲ. ಇದನ್ನು ಯಾರೋ ನನ್ನನ್ನು ನೋಡಿಯೇ ಮಾಡಿರಬೇಕು. ನಾನು ಹುಟ್ಟಾ ಎಡವುವವನು. ಸೂಲಿಬೆಲೆಯಲ್ಲಿ ನಾವು ಚಿಕ್ಕವರಿದ್ದಾಗ ಸಮತಟ್ಟಾದ ಕಣದಲ್ಲೂ ಬೀಳುತ್ತಿದ್ದೆ. ಶಾಲೆಗೆ ಹೊರಟಾಗ ಅಕ್ಕ ಬೀದಿಯ ತಿರುವಿನ ತನಕ ಬಂದು, “ನೋಡ್ಕಂಡ್ ನಡಿಯೋ ಸೀನಾ” ಎಂದು ಕಳಿಸುತ್ತಿದ್ದಳು. ನಾನು ಅವಳಿಗೆ ಕೈ ಬೀಸಲು ತಿರುಗಿ, ಅಲ್ಲೇ ಬೀಳುತ್ತಿದ್ದೆ.

ಆ ಅಕ್ಕ ಈಗ ನಮ್ಮ ಮನೆಯಲ್ಲಿದ್ದಳು. ನಂದಗುಡಿ ಹತ್ತಿರದ ಹಳ್ಳಿಯಲ್ಲಿ ಅವಳು, ಭಾವ, ನಾಲ್ಕು ಹಸು, ಮಕ್ಕಳಿಲ್ಲ. ಭಾವ ತೀರಿಕೊಂಡ ಮೇಲೆ ಒತ್ತಾಯ ಮಾಡಿ ಕರೆತಂದೆವು. ಬಂದವಳು ಒಳಕೋಣೆ ಸೇರಿಬಿಟ್ಟಳು. ಕೊಟ್ಟರೆ ಉಣ್ಣುವಳು, ಕೇಳಿದರೆ ಹೂಂ ಅನ್ನುವಳು. ಅದಕ್ಕಿಂತ ಸಂಕಟದ್ದು ಇನ್ನೊಂದಿತ್ತು. ಯಾರೋ ಹೇಳಿದ್ದೋ ತಾನೇ ತಲೆಗೆ ಹಚ್ಚಿಕೊಂಡದ್ದೋ, ಹೊರಗೆ ಹೊರಟವರಿಗೆ ತನ್ನ ಮುಖ ಎದುರಾಗಬಾರದು ಎಂದು ಅವಳು ನಿಶ್ಚಯಿಸಿದ್ದಳು. ನಾನು ಡ್ಯೂಟಿಗೆ ಬೂಟು ಹಾಕುವ ಸದ್ದಾದರೆ ಸಾಕು, ಅವಳ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಶೋಭಾ ಗದರಿ ನೋಡಿದಳು, ನಾನು ಬೇಡಿ ನೋಡಿದೆ. ಅಕ್ಕ ಒಂದೇ ಮಾತು ಹೇಳಿದಳು: “ನಿಂಗೂ ಏನಾದ್ರೂ ಆಗ್ಬಿಟ್ರೆ ನಾನ್ ಹೆಂಗೋ ತಡ್ಕೊಳ್ಳಿ?” ಮುಚ್ಚಿದ ಬಾಗಿಲಿಗೆ ‘ಹೋಗಿ ಬರ್ತೀನಿ’ ಎಂದು ಹೇಳಿ ಹೊರಡುವುದು ಅಭ್ಯಾಸವಾಯಿತು.

ರಜೆಯ ಒಂದು ಮಧ್ಯಾಹ್ನ ಅವಳ ಕೋಣೆಯಲ್ಲೇ ಗೋಡೆಗೊರಗಿ ಆಡುತ್ತಾ ಕೂತಿದ್ದೆ. ಜೊತೆಗೆ ಯಾರಾದರೂ ಇದ್ದಾರೆ ಎನಿಸಲಿ ಎಂದು ಹಾಗೆ ಕೂರುತ್ತಿದ್ದೆ. ಅಕ್ಕ ಮೆಲ್ಲಗೆ ಬಗ್ಗಿ ನೋಡಿದಳು.

“ಅಯ್ಯೋ, ಉರಿಯೋ ದೀಪಾನ ಯಾಕೋ ಒಡೀತಿದೀಯ?”

ತಿಂಗಳುಗಳಾಗಿತ್ತು ಅವಳು ತಾನಾಗಿ ಏನನ್ನಾದರೂ ಕೇಳಿ. ನಾನು ಖುಷಿಯಲ್ಲಿ ಹೃದಯ, ಮಂತ್ರ, ಶಕ್ತಿ ಎಂದು ಎಲ್ಲವನ್ನೂ ವಿವರಿಸಿದೆ. ಅಕ್ಕ ಒಪ್ಪಲಿಲ್ಲ. “ಯಾವ ಸೀಮೆ ಆಟವೋ ಇದು. ದೆವ್ವಾನ ಬೇಕಾದ್ರೆ ಹೊಡಿ. ದೀಪ ಏನ್ ಮಾಡ್ತು ನಿಂಗೆ? ಕೊಡಿಲ್ಲಿ” ಎಂದು ಯಂತ್ರವನ್ನು ಕಸಿದುಕೊಂಡಳು. ಹಸು ಕರೆದು ಪಳಗಿದ ಬೆರಳುಗಳು. ಎರಡೇ ದಿನದಲ್ಲಿ ಎಲುಬುಗೂಡುಗಳನ್ನು ನನಗಿಂತ ಚೆನ್ನಾಗಿ ಉರುಳಿಸತೊಡಗಿದಳು. ದೀಪ ಬಂದಾಗ ಮಾತ್ರ ಕತ್ತಿ ತಗ್ಗಿಸಿ, ಪಕ್ಕದಿಂದ ಹುಷಾರಾಗಿ ದಾಟುವಳು. ನಮ್ಮ ಕಡೆ ದೀಪ ಆರಿಸು ಎಂಬ ಮಾತನ್ನೇ ಆಡುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ಅಂಥದ್ದರಲ್ಲಿ ಕತ್ತಿಯಿಂದ ಹೊಡೆಯುವುದೆಂದರೆ? ಆದರೆ ದೀಪ ಒಡೆಯದೆ ಹೃದಯವಿಲ್ಲ, ಹೃದಯವಿಲ್ಲದೆ ಮಂತ್ರವಿಲ್ಲ. ಕೊಂಬಿನ ದೊಡ್ಡ ದೆವ್ವ ದಿನಾ ಅವಳ ವೀರನನ್ನು ಎತ್ತಿ ಎತ್ತಿ ಬಡಿಯುತ್ತಿತ್ತು.

ನೋಡಲಾರದೆ ಒಂದು ದಿನ ಪಕ್ಕದಲ್ಲಿ ಕೂತು ನಾನೇ ಒಂದು ದೀಪ ಒಡೆದೆ. ಅಕ್ಕ ಮುಖ ತಿರುಗಿಸಿದಳು.

“ಈಗ ಈ ಬಾಗಿಲಿಂದ ಹೊರಗ್ ಹೋಗು” ಎಂದೆ. ಹೋದಳು. “ವಾಪಸ್ ಬಾ.”

ಬಂದಳು. ದೀಪ ಅದೇ ಗೋಡೆಯ ಮೇಲೆ, ಏನೂ ಆಗೇ ಇಲ್ಲವೆಂಬಂತೆ ಉರಿಯುತ್ತಿತ್ತು. ಇದು ಈ ಜಾತಿಯ ಆಟಗಳ ಹಳೆಯ ನಿಯಮ. ಕೋಣೆ ಬಿಟ್ಟು ಹೋಗಿ ಬಂದರೆ ಒಡೆದದ್ದೆಲ್ಲ ಮತ್ತೆ ಹತ್ತಿರುತ್ತದೆ. ಅಕ್ಕ ನಂಬದೆ ಇನ್ನೊಮ್ಮೆ ಹೋಗಿ ಬಂದಳು, ಮತ್ತೊಮ್ಮೆ ಹೋಗಿ ಬಂದಳು.

“ದೆವ್ವಗಳೂ ಎದ್ವಲ್ಲೋ.”

“ಅವೂ ಬರ್ತವೆ ಕಣಕ್ಕ. ದೀಪ ಬೇಕು ಅಂದ್ರೆ ಅವನ್ನೂ ತಡ್ಕೋಬೇಕು.”

ಅಕ್ಕ ಮೊದಲ ಬಾರಿಗೆ ತಾನೇ ಒಂದು ದೀಪಕ್ಕೆ ಕತ್ತಿ ಬೀಸಿದಳು. ಬೀಸಿ, ಪರದೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಂದಿನಿಂದ ಅವಳ ಆಟಕ್ಕೆ ಒಂದು ವ್ರತ ಸೇರಿಕೊಂಡಿತು. ಒಡೆದ ದೀಪಗಳನ್ನು ಹಾಗೇ ಬಿಟ್ಟು ಮುಂದೆ ಹೋಗುವಂತಿಲ್ಲ. ಹೊರಗೆ ಹೋಗಿ, ಒಳಗೆ ಬಂದು, ಎಲ್ಲ ಉರಿಯುತ್ತಿವೆಯೇ ಎಂದು ನೋಡಿಯೇ ಮುಂದಿನ ಕೋಣೆ. ಈ ವೇಗದಲ್ಲಿ ಕೋಟೆ ಮುಗಿಯಬೇಕಾದರೆ ನಾನು ನಿವೃತ್ತನಾಗಿರುತ್ತಿದ್ದೆ. ಆದರೆ ಒಂದು ಸಂಜೆ ಶೋಭಾ ಅಡುಗೆಮನೆಯಿಂದ ಬಂದು ಪಿಸುಗುಟ್ಟಿದಳು: “ರೀ, ಅತ್ತಿಗೆ ಇವತ್ತು ತಾವಾಗೇ ಕಾಫಿ ಕೇಳಿದ್ರು.” ಅವಳ ಕಣ್ಣು ಒದ್ದೆಯಾಗಿತ್ತು. ನನ್ನದೂ ಅಷ್ಟೇ. ಇಷ್ಟಾದರೂ ಬೂಟಿನ ಸದ್ದಿಗೆ ಬಾಗಿಲು ಮುಚ್ಚುವುದು ಮಾತ್ರ ನಿಲ್ಲಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಬಹಳ ದಿನವಾಯಿತಲ್ಲ ಎಂದು ಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಗೇಟು ತೆಗೆಯುತ್ತಿದ್ದೇನೆ, ಹಿಂದಿನಿಂದ ದಡಬಡ ಸದ್ದು. ಬಿಚ್ಚಿದ ಕೂದಲಲ್ಲೇ ಅಕ್ಕ ಓಡಿಬಂದಿದ್ದಳು.

“ಲೋ ಸೀನಾ, ಅದನ್ನ ಇಟ್ ಹೋಗೋ. ಸೇವ್ ಮಾಡಿಲ್ಲ ನಾನು, ಹಂಗೇ ಮುಚ್ಚಿಟ್ಟಿದೀನಿ. ನೀನ್ ಆಫ್ ಮಾಡಿದ್ರೆ ಎಲ್ಲಾ ಹೋಯ್ತದೆ.”

ಹೇಳಿ ಮುಗಿಸಿದ ಮೇಲೆ ತಾನು ಎಲ್ಲಿ ನಿಂತಿದ್ದೇನೆಂದು ಅವಳಿಗೆ ಅರಿವಾಯಿತು. ಹೊರಟವನ ಎದುರಿಗೆ, ನಟ್ಟ ನಡುವೆ. ಮುಖ ಬಿಳಿಚಿಕೊಂಡಿತು. “ಒಳಗ್ ಬಂದು ಒಂದ್ ಗಳಿಗೆ ಕೂತು, ನೀರ್ ಕುಡ್ದು ಹೊರಡೋ” ಎಂದಳು. ಬೀದಿಯ ತುದಿಯಲ್ಲಿ ಬಸ್ಸು ಹಾರನ್ ಹೊಡೆಯುತ್ತಿತ್ತು. ಯಂತ್ರವನ್ನು ಅವಳ ಕೈಗಿಟ್ಟು, “ಹೋಗಿ ಬರ್ತೀನಕ್ಕ” ಎಂದು ಓಡಿದೆ.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ಇವತ್ತು ನನಗೆ ಸಣ್ಣದೇನಾದರೂ ಆದರೂ ಸಾಕು, ಆ ಬಾಗಿಲು ಇನ್ನು ಜನ್ಮದಲ್ಲಿ ತೆರೆಯುವುದಿಲ್ಲ. ಅಂದು ನಾನು ನಡೆದಷ್ಟು ಹುಷಾರಾಗಿ ಬಸುರಿಯೂ ನಡೆಯಲಿಕ್ಕಿಲ್ಲ. ಗೋದಾಮಿನಲ್ಲಿ ಗೋಡೆ ಹಿಡಿದುಕೊಂಡೇ ಓಡಾಡಿದೆ. “ಸಾರ್‌ಗೆ ಸೊಂಟ ಹಿಡ್ಕೊಂಡಿದೆ” ಎಂದು ಹುಡುಗರು ಮಾತಾಡಿಕೊಂಡರು. ಬಿಸಿ ಚಹಾವನ್ನೂ ಆರಿಸಿ ಕುಡಿದೆ. ಸಂಜೆ ನಮ್ಮ ಬೀದಿಯ ತುದಿಯಲ್ಲಿ ಬಸ್ಸು ನಿಂತಾಗ, ಗೆದ್ದೆ ಎಂದುಕೊಂಡು ಮೆಟ್ಟಿಲಿಳಿಯುತ್ತಾ ಮನೆಯ ಕಡೆ ಕಣ್ಣು ಹಾಯಿಸಿದೆ. ಮುಂದಿನ ಗಳಿಗೆ ನೆಲದ ಮೇಲಿದ್ದೆ. ಊಟದ ಡಬ್ಬಿ ಉರುಳಿ ಚರಂಡಿ ಸೇರಿತು.

ಮಂಡಿ ಉರಿಯುತ್ತಿದ್ದರೂ ನೆಟ್ಟಗೆ ನಡೆದು, ಬ್ಯಾಗನ್ನು ಮಂಡಿಗೆ ಅಡ್ಡ ಹಿಡಿದು ಮನೆ ಸೇರಿದೆ. ಅಕ್ಕ ಹೊಸಿಲ ಮೇಲೆ ಕೂತಿದ್ದಳು. ಯಂತ್ರ ಮಡಿಲಲ್ಲಿತ್ತು, ಬಿಚ್ಚಿರಲಿಲ್ಲ. ಬೆಳಿಗ್ಗೆಯಿಂದ ಅಲ್ಲಿಂದ ಎದ್ದಿಲ್ಲ ಎಂದು ಶೋಭಾ ಕಣ್ಣಲ್ಲೇ ಹೇಳಿದಳು. ಹೇಳಿ ಸುಮ್ಮನಿರಬಾರದೇ? “ಪ್ಯಾಂಟ್ ಯಾಕ್ರೀ ಹರಿದಿದೆ?” ಎಂದಳು.

ಅಕ್ಕ ನನ್ನ ಬ್ಯಾಗನ್ನು ಪಕ್ಕಕ್ಕೆ ಸರಿಸಿದಳು. “ಎಲ್ ಬಿದ್ದೆ?”

“ಬಸ್ ಇಳಿಯೋವಾಗ. ಏನಾಗಿಲ್ಲ ಕಣಕ್ಕ.”

“ಎಲ್ ನೋಡ್ತಿದ್ದೆ?”

ಸುಳ್ಳು ಹೊಳೆಯಲಿಲ್ಲ. “ನೀನು ಬಾಗಿಲಲ್ಲಿ ಇದೀಯೇನೋ ಅಂತ.”

ಅಕ್ಕ ನನ್ನ ಮಂಡಿ ನೋಡಿದಳು, ಮುಖ ನೋಡಿದಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ನಾನು ಉಸಿರು ಹಿಡಿದು ನಿಂತೆ. ಅವಳ ತುಟಿ ಅದುರಿತು. ಅಳುವೆಂದುಕೊಂಡೆ, ಬಂದದ್ದು ಬೈಗುಳ.

“ಥೂ ನಿನ್ನ. ಇಸ್ಕೂಲಿಗೆ ಹೋಗೋವಾಗ್ಲೂ ಬಿದ್ದೆ. ನನ್ ಮದುವೆ ಚಪ್ಪರದಲ್ಲಿ ಕಂಬ ಸಮೇತ ಬಿದ್ದೆ. ನಿಮ್ ಭಾವ ಗಟ್ಟಿಮುಟ್ಟಾಗಿ ಎದುರಿಗೇ ನಿಂತಿದ್ರಲ್ಲ, ಅವತ್ತೂ ನಮ್ ಕೊಟ್ಟಿಗೇಲಿ ಜಾರಿ ಬಿದ್ದೆ. ನೀನ್ ಬೀಳಕ್ಕೆ ನನ್ ಮುಖ ಯಾಕೋ ಬೇಕು?”

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂದುಬಿಟ್ಟಿತು. ಭಾವ ಹೋದ ಮೇಲೆ ಆ ನಗು ಕೇಳಿರಲಿಲ್ಲ. ನಗುತ್ತಲೇ ಅತ್ತಳು, ಅಳುತ್ತಲೇ ಅರಿಶಿನ ತಂದು ಮಂಡಿಗೆ ಮೆತ್ತಿದಳು, ಬೇಕೆಂದೇ ಒತ್ತಿ. ಇಷ್ಟು ವರ್ಷ ಎಡವಿದ್ದಕ್ಕೂ ಒಂದು ಪ್ರಯೋಜನವಾಯಿತಲ್ಲ ಎಂದು ಹಲ್ಲು ಕಚ್ಚಿ ಸಹಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಬೂಟಿನ ಸದ್ದಿಗೆ ಬಾಗಿಲು ಮುಚ್ಚಲಿಲ್ಲ. ಅಕ್ಕ ಗೇಟಿನಲ್ಲಿ ನಿಂತಿದ್ದಳು, ನಾನು ಹಾಯಲೇಬೇಕಾದ ಜಾಗದಲ್ಲಿ. ಬ್ಯಾಗು ತೆಗೆಸಿ, ಕೈ ಹಾಕಿ ತಡಕಿ, ನಾನು ಕದ್ದು ಸೇರಿಸಿಕೊಂಡಿದ್ದ ಯಂತ್ರ ಹೊರತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದು ಇನ್ನು ನನ್ನದಲ್ಲ ಎಂದು ಅರ್ಥವಾಯಿತು.

“ನೋಡ್ಕಂಡ್ ನಡಿಯೋ” ಎಂದಳು. “ಹೋಗಿ ಬಾ.”

ಬಸ್ಸಿಗೆ ಹತ್ತುವಾಗ, ಇನ್ನೂ ನಿಂತಿದ್ದಾಳೆಯೇ ಎಂದು ತಿರುಗಿ ನೋಡಿದೆ. ನಿಂತಿದ್ದಳು. ನಾನು ಮೆಟ್ಟಿಲೆಡವಿ ಮುಂದಿನ ಸೀಟಿನ ಮೇಲೆ ಬಿದ್ದಾಗ ಅವಳು ನಕ್ಕದ್ದು ಇಡೀ ಬೀದಿಗೆ ಕೇಳಿಸಿತು.