ತೊಗರಿಬೇಳೆಗೆ ಒಂದು ವೋಟು

ನಮ್ಮ ಸೋದರಮಾವನ ದೆಸೆಯಿಂದ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ತೊಗರಿಬೇಳೆ ಸಾರೇ ಆಗಲಿಲ್ಲ ಎಂದರೆ ನೀವು ನಂಬುವುದಿಲ್ಲ. ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ಬೇಳೆಗೇನು ಬರವೇ? ಡಬ್ಬಿ ತುಂಬ ಬೇಳೆ ಇತ್ತು, ನನ್ನ ಕಣ್ಣೆದುರಿಗೇ ಇತ್ತು. ಆದರೆ ಮುಟ್ಟುವ ಹಾಗಿರಲಿಲ್ಲ. ಅದು ಅಮೆರಿಕದ ಅಧ್ಯಕ್ಷಸ್ಥಾನಕ್ಕೆ ಸ್ಪರ್ಧಿಸಿತ್ತು!

ತಡೆಯಿರಿ, ಸುಧಾರಿಸಿಕೊಂಡು ಹೇಳುತ್ತೇನೆ. ಮಾವ ಹುಬ್ಬಳ್ಳಿಯವರು. ವಾಲ್ನಟ್ ಕ್ರೀಕ್‌ನಲ್ಲಿ ಮೂವತ್ತು ವರ್ಷ ಪ್ಯಾಂಟು ಗಿಡ್ಡ ಮಾಡುವ, ಬ್ಲೌಸು ಸಡಿಲ ಮಾಡುವ ಅಂಗಡಿ ನಡೆಸಿ, ಈಗ ಅಳತೆಯ ಟೇಪಿನೊಡನೆ ನಮ್ಮ ಮನೆಗೆ ಬಂದು ನೆಲೆಸಿದ್ದಾರೆ. ಹೋದ ವರ್ಷವಷ್ಟೇ ಸಿಟಿಜನ್ ಆದರು. ಈ ದೇಶದಲ್ಲಿ ತಮ್ಮ ಮೊಟ್ಟಮೊದಲ ವೋಟು ಅಧ್ಯಕ್ಷರ ಪ್ರೈಮರಿಯಲ್ಲೇ ಬೀಳಬೇಕೆಂದು ಹಟ ಹಿಡಿದಿದ್ದರು. ಪಕ್ಷಗಳು ತಮ್ಮ ತಮ್ಮ ಅಭ್ಯರ್ಥಿಯನ್ನು ಆರಿಸಿಕೊಳ್ಳುವ ಆ ಮೊದಲ ಸುತ್ತಿನಲ್ಲಿ ನಿಂತವರೋ, ಹತ್ತಿರ ಹತ್ತಿರ ಒಂದು ಡಜನ್ನು. ಯಾರು ಎಷ್ಟು ಎಡ, ಯಾರು ಎಷ್ಟು ಬಲ ಎಂಬುದು ತಲೆಯಲ್ಲಿ ನಿಲ್ಲದೆ, ಮಾವ ಅವರನ್ನೆಲ್ಲ ನನ್ನ ಅಡಿಗೆಮನೆಯ ಶೆಲ್ಫಿನಲ್ಲಿ ನಿಲ್ಲಿಸಿದರು. ಒಂದೊಂದು ಡಬ್ಬಿ ಒಬ್ಬೊಬ್ಬ ಅಭ್ಯರ್ಥಿ. ಎಡತುದಿಗೆ ಮಸೂರ, ಬಲತುದಿಗೆ ಹುರುಳಿ. ಸರಿಯಾಗಿ ನಡುವೆ ಉಪ್ಪಿನ ಭರಣಿ. ಉಪ್ಪು ಯಾರು ಎಂದು ಕೇಳಿದೆ.

“ಉಪ್ಪು ನಾನು. ಎಲ್ಲಾದಕ್ಕೂ ಬೇಕು, ಯಾವ್ದಕ್ಕೂ ಸೇರಿಲ್ಲ. ಅಂಪೈರ್ ಅಂತ ತಿಳ್ಕೊ.”

ಡಿಬೇಟು ನಡೆದ ಮರುದಿನ ಬೆಳಿಗ್ಗೆ ಮಾವ ಟೇಪು ಹಿಡಿದು ಹಾಜರು. “ಉದ್ದಿನಬ್ಯಾಳಿ ಎರಡು ಇಂಚು ಬಲಕ್ಕ ಸರದಾನ,” ಎನ್ನುವರು.

“ಯಾಕಂತೆ?”

“ತೆರಿಗಿ ಅನ್ನೂಮುಂದ ಕೆಮ್ಮಿದ.”

ಒಂದು ಕೆಮ್ಮಿಗೆ ಎರಡು ಇಂಚು! ಟೈ ಬಣ್ಣಕ್ಕೆ ಅರ್ಧ ಇಂಚು, ಹೆಂಡತಿಯ ಕೈ ಹಿಡಿದು ವೇದಿಕೆ ಹತ್ತಿದ್ದಕ್ಕೆ ಮುಕ್ಕಾಲು ಇಂಚು. ಅಭ್ಯರ್ಥಿಗಳ ಭಾಷಣದಲ್ಲಿ ಏನಿತ್ತು ಎಂದು ಮಾತ್ರ ಕೇಳಬಾರದು.

ಇದೆಲ್ಲ ಆಗಲಿ ಎನ್ನೋಣ. ಆದರೆ ಸ್ಪರ್ಧೆಯಿಂದ ಹಿಂದೆ ಸರಿದವರನ್ನು ಮಾತ್ರ ಅಡಿಗೆಗೆ ಬಳಸಬೇಕು ಎಂಬ ಕಾನೂನು ಬೇರೆ! ಫ್ರೀವೇ ಮೇಲೆ ಒಂದು ಗಂಟೆ ತೆವಳಿಕೊಂಡು ಬಂದು ಒಲೆ ಮುಂದೆ ನಿಲ್ಲುವವಳು ನಾನು. ಬೇಳೆ ಹಾಕಲು ಯಾರಾದರೂ ಸೋಲಬೇಕೆಂದು ಕಾಯಬೇಕೇ? ಇನ್ನೊಂದು ಡಬ್ಬಿಯಲ್ಲಿ ಬೇರೆ ಬೇಳೆ ತಂದಿಟ್ಟರೆ “ನಕಲಿ ಅಭ್ಯರ್ಥಿ” ಎಂದು ಗರಾಜಿಗೆ ಸಾಗಿಸಿದರು. ಅಲಸಂದೆ ಹೊರಬಿದ್ದ ವಾರ ಮೂರು ದಿನ ಅಲಸಂದೆ ಹುಳಿಯನ್ನೇ ತಿಂದೆವು. ಮೆನ್ಲೋ ಪಾರ್ಕ್‌ನ ಆಫೀಸಿನಿಂದ ಬಂದ ನನ್ನ ಗಂಡ, “ಇವತ್ತು ಯಾರು ಡ್ರಾಪ್ ಔಟು?” ಎಂದು ವಿಚಾರಿಸಿಯೇ ತಟ್ಟೆ ಇಡುತ್ತಿದ್ದರು.

ತೊಗರಿಬೇಳೆ ಮಾತ್ರ ಜಪ್ಪಯ್ಯ ಎಂದರೂ ಹಿಂದೆ ಸರಿಯಲಿಲ್ಲ. ಆಕೆ ಮಾವನ ಮೆಚ್ಚಿನ ಅಭ್ಯರ್ಥಿ. ಆಕೆಯ ತಾಯಿ ಹೊಲಿಗೆ ಮಾಡಿ ಮಕ್ಕಳನ್ನು ಸಾಕಿದಳಂತೆ, ಅಷ್ಟು ಸಾಕಾಯಿತು. “ಇವಳು ಪಕ್ಕಾ ಲೆಫ್ಟು ಮಾವ, ನಮ್ಮ ಟ್ಯಾಕ್ಸು ಡಬಲ್ ಆಗತ್ತೆ,” ಎಂದು ನನ್ನ ಗಂಡ ಡಬ್ಬಿಯನ್ನು ಮಸೂರದ ಪಕ್ಕಕ್ಕೆ ನೂಕಿದರು. “ನೋ ವೇ, ಶಿ ಈಸ್ ಸೋ ರೈಟ್ ವಿಂಗ್,” ಎಂದು ಮಗಳು ಹುರುಳಿಯ ಕಡೆಗೆ ಎಳೆದಳು. ಹೆಂಗಸು ಒಬ್ಬಳೇ, ಆಡಿದ ಮಾತೂ ಒಂದೇ! ಮಾವ ಟೇಪು ಹಾಕಿ, ಉಪ್ಪಿನಿಂದ ಎಡಕ್ಕೆ ಹನ್ನೊಂದು ಇಂಚು ಎಂದು ತೀರ್ಪಿತ್ತರು. ಆದರೆ ದಿನ ಕಳೆದಂತೆ ಆ ಹನ್ನೊಂದು ಎಂಟಾಯಿತು, ಐದಾಯಿತು, ಕೊನೆಗೆ ಡಬ್ಬಿ ಭರಣಿಗೆ ತಾಗಿಕೊಂಡೇ ನಿಂತಿತು. ಹೆತ್ತವರಿಗೆ ಹೆಗ್ಗಣ ಮುದ್ದು!

“ಅಕಿನ ಬಂದಾಳ, ನಾ ಮುಟ್ಟಿಲ್ಲ,” ಎಂದರು ಮಾವ.

“ಅಜ್ಜಾ, ಯು ಆರ್ ಪುಲ್ಲಿಂಗ್ ಹರ್,” ಎಂದಳು ಮಗಳು. “ವೈ ಡೋಂಟ್ ಯು ಮೂವ್?”

“ಅಂಪೈರ್ ಎಲ್ಲೆ ಸರೀತಾನವಾ?”

ಅಂಪೈರ್‌ಗಿರಿಯ ಫಲ ಅಂಚೆಯಲ್ಲಿ ಬಂತು. ಮತಪತ್ರ ಬಂದ ದಿನ ಮಾವ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಲಕೋಟೆ ಒಡೆದರು. ಜಡ್ಜುಗಳಿದ್ದರು, ಸ್ಕೂಲು ಬೋರ್ಡಿನವರಿದ್ದರು. ಅಧ್ಯಕ್ಷಸ್ಥಾನಕ್ಕೆ ಮಾತ್ರ ಒಬ್ಬರೂ ಇಲ್ಲ! ಕಾಗದವನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು.

“ನನ್ನ ಬ್ಯಾಳಿ ಎಲ್ಲೆ?”

ನೋಂದಣಿ ಮಾಡಿಸುವಾಗ “ಯಾವ ಪಕ್ಷಕ್ಕೂ ಸೇರಿಲ್ಲ” ಎಂದು ಬರೆದಿದ್ದರಂತೆ. ಹಾಗೆ ಬರೆದವರು ಇಂಥ ಪಕ್ಷದ ಮತಪತ್ರ ಬೇಕೆಂದು ಬಾಯಿಬಿಟ್ಟು ಕೇಳಿದರಷ್ಟೇ ಅಧ್ಯಕ್ಷರ ಪಟ್ಟಿ ಸಿಗುವುದು. ಮಾವ ಎರಡು ದಿನ ಟೇಪನ್ನೂ ಮುಟ್ಟಲಿಲ್ಲ, ಟೀವಿಯನ್ನೂ ಹಾಕಲಿಲ್ಲ. ಬೈಯಬೇಕೆಂದಿದ್ದ ನನಗೆ ಅವರ ಮುಖ ನೋಡಿ ಮನಸ್ಸು ಬರಲಿಲ್ಲ. ಮತದಾನದ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಮತಪತ್ರ ಬದಲಿಸಿಕೊಡುತ್ತಾರೆಂದು ತಿಳಿದು ನಾನೇ ಅವರನ್ನು ಮತದಾನ ಕೇಂದ್ರಕ್ಕೆ ಕರೆದುಕೊಂಡು ಹೋದೆ.

ಮೇಜಿನ ಹಿಂದಿದ್ದ ಹುಡುಗಿ ಹಳೆಯ ಮತಪತ್ರ ಇಸಿದುಕೊಂಡು, ನಗುತ್ತ, “ವಿಚ್ ಪಾರ್ಟೀಸ್ ಬ್ಯಾಲಟ್ ವುಡ್ ಯು ಲೈಕ್, ಸರ್?” ಎಂದಳು. ಮಾವ ನನ್ನ ಮುಖ ನೋಡಿದರು. ಹಿಂದೆ ಸಾಲು ಬೆಳೆಯಿತು. ಅಂಪೈರಿಗೆ ಅವಮಾನವಾಯಿತೇನೋ ಎಂದು ನನಗೆ ಹೆದರಿಕೆ. ಕೊನೆಗೆ ತೊಗರಿಬೇಳೆಯ ಪಕ್ಷದ ಹೆಸರನ್ನು ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದರು.

ಕಾರಿನಲ್ಲಿ ಮನೆಗೆ ಹೊರಟೆವು. ಫ್ರೀವೇಯಿಂದ ಇಳಿಯುವ ನಮ್ಮ ಎಕ್ಸಿಟ್ಟು ಹತ್ತಿರವಾದಾಗ ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

“ಮೂವತ್ತು ವರ್ಷ ಎಲ್ಲಾರೂ ನೀ ಎಲ್ಲಿಂದ ಬಂದಿ ಅಂತ ಕೇಳಿದ್ರವಾ. ನೀ ಯಾರ ಕಡೆ ಅದಿ ಅಂತ ಇವತ್ತ ಕೇಳಿದ್ರು.”

ನಾನು ಇಂಡಿಕೇಟರ್ ಹಾಕಿ ಎಕ್ಸಿಟ್ಟಿಗೆ ತಿರುಗಿಸಿದೆ.

ಸಂಜೆ ಮಾವ ಡಬ್ಬಿಯಿಂದ ತಾವೇ ಒಂದು ಬಟ್ಟಲು ತೊಗರಿಬೇಳೆ ಅಳೆದು ಕೊಟ್ಟರು. “ನನ್ನ ಕೆಲಸ ಮುಗೀತು. ಸಾರು ಮಾಡು.” ಕುದಿಯುವ ಸಾರಿಗೆ ಉಪ್ಪು ಹಾಕಲು ಎಂದಿನಂತೆ ಶೆಲ್ಫಿನ ನಡುವೆ ಕೈಚಾಚಿದರೆ ಭರಣಿ ಅಲ್ಲಿರಲಿಲ್ಲ. ತೊಗರಿಬೇಳೆ ತನ್ನ ಹನ್ನೊಂದು ಇಂಚಿನ ಹಳೆಯ ಜಾಗಕ್ಕೆ ಮರಳಿತ್ತು. ಉಪ್ಪು ಅದರ ಪಕ್ಕಕ್ಕೆ ಹೋಗಿ ನಿಂತಿತ್ತು.

ಅದನ್ನು ಅಲ್ಲಿಂದ ತೆಗೆಯಲು ನನಗೆ ಕೈ ಬರಲಿಲ್ಲ. ಆ ರಾತ್ರಿಯ ಸಾರು ಸಪ್ಪೆಯಾಗಿತ್ತು. ಮಾವ ಮೂರು ಸಲ ಹಾಕಿಸಿಕೊಂಡರು.