ಬೋರಿಲ್ ತಾತನ ಸಾವಿನ ಚೀಟಿ

ಸ್ಪಾಸನ ಮದುವೆ ಒಬ್ಬ ಮುದುಕನ ಸಾವಿನ ಮೇಲೆ ನಿಂತಿತ್ತು. ಆ ಮುದುಕ ಹುಟ್ಟಿಯೇ ಇರಲಿಲ್ಲ ಎಂಬುದೊಂದೇ ತೊಡಕು.

ಮುದುಕನ ಹೆಸರು ಬೋರಿಲ್. ರೂಸೆ ಪಟ್ಟಣದ ಅರ್ಧ ಜನ ಓದುತ್ತಿದ್ದ ದಪ್ಪ ಕಾದಂಬರಿಯೊಂದರ ಮಾಂತ್ರಿಕ. ಮೂರನೇ ಸಂಪುಟದ ಕೊನೆಯಲ್ಲಿ ಬಾವಿಗೆ ಇಳಿದವನು ಮೇಲೆ ಬರಲೇ ಇಲ್ಲ. ಬಾವಿಯ ಕಲ್ಲಿನ ಮೇಲೆ ಮಾತ್ರ ಮೂರು ಗುರುತು ಬಿಟ್ಟಿದ್ದ: ಒಂದು ಬಸವನಹುಳು, ತಲೆಕೆಳಗಾದ ಬೀಗದ ಕೈ, ಅರ್ಧ ಕಚ್ಚಿದ ಪೇರ್ ಹಣ್ಣು.

"ಸತ್ತಿದ್ದಾನೆ. ಬೀಗದ ಕೈ ತಲೆಕೆಳಗಾಯ್ತು ಅಂದ್ರೆ ಪ್ರಾಣ ಬೀಗ ತೆಗೆದು ಹೊರಗೆ ಹೋಯ್ತು ಅಂತ," ಎಂದ ಸ್ಪಾಸ್.

"ಬದುಕಿದ್ದಾನೆ. ಬಸವನಹುಳು ಮನೆ ಹೊತ್ಕೊಂಡೇ ಓಡಾಡುತ್ತೆ," ಎಂದಳು ಕಲಿನಾ. ಅಂಚೆ ಕಚೇರಿಯಲ್ಲಿ ಅವನ ಪಕ್ಕದ ಕಿಟಕಿ ಅವಳದು.

ಕೊನೆಗೆ ಅವಳೇ ಪಣ ಕಟ್ಟಿದಳು. ಬೋರಿಲ್ ಸತ್ತನೆಂದು ಶನಿವಾರ ಸಂಜೆ ಆರರೊಳಗೆ ತನ್ನನ್ನು ಒಪ್ಪಿಸಿದರೆ ಈ ವರ್ಷವೇ ಮದುವೆ. ಇಲ್ಲವಾದರೆ ಮುಂದಿನ ಸಂಪುಟ ಬಂದ ಮೇಲೆ. ಆ ಪುಣ್ಯಾತ್ಮ ಲೇಖಕನಿಗೋ ಒಂದು ಸಂಪುಟಕ್ಕೆ ಒಂಬತ್ತು ವರ್ಷ ಬೇಕು!

ಶನಿವಾರ ಬೆಳಿಗ್ಗೆ ಸ್ಪಾಸನ ತಲೆಗೊಂದು ಹುಳ ಹೊಕ್ಕಿತು. ರೂಸೆಯಲ್ಲಿ ಯಾರೇ ಸತ್ತರೂ ಬಾಗಿಲಿಗೆ ಕಪ್ಪು ಅಂಚಿನ ಚೀಟಿ ಅಂಟಿಸುವುದಿಲ್ಲವೇ? ಬೋರಿಲನಿಗೂ ಒಂದು ಬರೆದ. "ನಮ್ಮ ಬೋರಿಲ್ ತಾತ ತೀರಿಕೊಂಡರು" ಎಂಬ ಸಾಲು, ಕೆಳಗೆ ಮೂರೂ ಗುರುತು, ಅದರ ಕೆಳಗೆ ಬೀಗದ ಕೈಯ ವಾದ. ಸಂಜೆ ಊಟಕ್ಕೆ ಬರುವ ಕಲಿನಾಳ ಕಣ್ಣಿಗೆ ಬೀಳಲೆಂದು ಕಟ್ಟಡದ ಬಾಗಿಲಿಗೆ ಅದನ್ನು ಅಂಟಿಸಿ ಅಡುಗೆಗೆ ಮೆಣಸಿನಕಾಯಿ ತರಲು ಹೋದ.

ಬರುವಷ್ಟರಲ್ಲಿ ಕೆಳಮನೆಯ ಸ್ಟೊಯಾಂಕಕ್ಕ ಬಾಗಿಲಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಯ್ಯೋ ಮಗಾ, ನಿಂಗೊಬ್ಬ ತಾತ ಇದ್ದ ಅಂತ ಹೇಳೇ ಇರ್ಲಿಲ್ವಲ್ಲೋ!"

"ಅಕ್ಕಾ, ಅವನು ಪುಸ್ತಕದಲ್ಲಿ ಬರೋ ಮಾಂತ್ರಿಕ..."

"ನೋಡ್ದ್ಯಾ ಕೋಲ್ಯೊ, ದುಃಖಕ್ಕೆ ತಲೆ ಕೆಟ್ಟಿದೆ ಪಾಪ."

ಕಟ್ಟಡದ ಉಸ್ತುವಾರಿಯ ಕೋಲ್ಯೊ ಗುರುತುಗಳನ್ನು ಬೆರಳಿಟ್ಟು ಓದಿದ. "ಬೀಗದ ಕೈ, ಅಂದ್ರೆ ಬೀಗ ರಿಪೇರಿಯವ್ರು. ಪೇರ್ ಹಣ್ಣು, ಸಾರಾಯಿ ಇಳಿಸ್ತಿದ್ರು. ಬಸವನಹುಳು ಯಾಕೆ?"

"ಕೆಲಸ ನಿಧಾನ," ಎಂದಳು ಸ್ಟೊಯಾಂಕಕ್ಕ.

"ಹೌದ್ಹೌದು! ನಮ್ಮನೆ ಬೀಗ ತಗೊಂಡು ಹೋದೋರು ಅವ್ರೇ. ಇನ್ನೂ ಕೊಟ್ಟಿಲ್ಲ."

ಐದು ಗಂಟೆಗೆ ಸ್ಪಾಸನ ಮನೆಯಲ್ಲಿ ನೆರೆಹೊರೆಯವರು ತುಂಬಿ ಕಾಲಿಡಲು ಜಾಗವಿರಲಿಲ್ಲ. ಸಾವಿನ ಮನೆಯ ಪದ್ಧತಿಯಂತೆ ಕನ್ನಡಿಗೆ ಬಟ್ಟೆ ಹೊದಿಸಿದ್ದರು, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಬಂದಿತ್ತು, ಅವನದೇ ಸಾರಾಯಿಯನ್ನು ತಾತನ ಹೆಸರಿನಲ್ಲಿ ಅವನದೇ ಜಮಖಾನದ ಮೇಲೆ ಚೆಲ್ಲುತ್ತಿದ್ದರು. ಕೋಲ್ಯೊ ಐದು ಕೆಂಪು ಹೂವು ತಂದು ಸ್ಟೊಯಾಂಕಕ್ಕನಿಂದ ಉಗಿಸಿಕೊಂಡ.

"ಐದು ಬೆಸ, ಅದು ಬದುಕಿರೋರಿಗೆ ಕಣೋ ದಡ್ಡ! ಸತ್ತೋರಿಗೆ ಸಮ ಲೆಕ್ಕದ ಹೂವು!"

ಕೋಲ್ಯೊ ಒಂದನ್ನು ಕಿತ್ತು ತನ್ನ ಕೋಟಿಗೆ ಸಿಕ್ಕಿಸಿಕೊಂಡ.

ಆರಕ್ಕೆ ಐದು ನಿಮಿಷವಿತ್ತು. ಸ್ಪಾಸ್ ಕೈಮುಗಿದ. "ಇನ್ನು ಹೊರಡಿ ಎಲ್ರೂ. ನಾನು ಮದುವೆ ಆಗೋ ಹುಡುಗಿ ಬರ್ತಾಳೆ."

"ಮದುವೆನಾ?" ಸ್ಟೊಯಾಂಕಕ್ಕ ಎದೆಗೆ ಕೈಯಿಟ್ಟುಕೊಂಡಳು. "ತಾತ ಸತ್ತ ಮನೇಲಿ ವರ್ಷ ತುಂಬೋವರೆಗೂ ಮದುವೆ ಗಿದುವೆ ಇಲ್ಲ. ಬರ್ಲಿ, ಆ ಹುಡುಗೀಗೆ ನಾನೇ ಹೇಳ್ತೀನಿ."

ಸ್ಪಾಸನ ತಾಳ್ಮೆ ಕೆಟ್ಟಿತು. ಕುರ್ಚಿ ಹತ್ತಿ ಕಿರುಚಿದ. "ಬೋರಿಲ್ ಸತ್ತಿಲ್ಲ! ಗುಂಡುಕಲ್ಲಿನ ಹಾಗೆ ಬದುಕಿದ್ದಾನೆ! ಬಸವನಹುಳು ಮನೆ ಹೊತ್ಕೊಂಡೇ ಓಡಾಡುತ್ತೆ! ತಿಳೀತಾ?"

ಎಲ್ಲರ ಕಣ್ಣು ಬಾಗಿಲ ಕಡೆ. ಅಲ್ಲಿ ಹೂಗುಚ್ಛ ಹಿಡಿದು ಕಲಿನಾ ನಿಂತಿದ್ದಳು.

"ಕೆಳಗೆ ಚೀಟಿ ಓದ್ದೆ," ಎಂದಳು. "ಬೀಗದ ಕೈ ವಿಷಯ ನೀನು ಹೇಳಿದ್ದೇ ಸರಿ ಅನ್ನಿಸ್ತು. ಅದಕ್ಕೇ ಹೋಗಿ ಹೂವು ತಂದೆ."

ಸ್ಪಾಸ್ ಎಣಿಸಿದ. ಹತ್ತು. ಸಮ, ಸತ್ತವರಿಗೆ ಕೊಡುವ ಲೆಕ್ಕ! ಅವನ ಎದೆ ಒಮ್ಮೆ ಕುಣಿಯಿತು.

"ಈಗ ನೀನೇ ಬದುಕಿದ್ದಾನೆ ಅಂದ್ಮೇಲೆ ಇನ್ನೇನು," ಎನ್ನುತ್ತ ಕಲಿನಾ ಒಂದು ಹೂವನ್ನು ಎಳೆದು ಸ್ಟೊಯಾಂಕಕ್ಕನಿಗೆ ಕೊಟ್ಟಳು. ಉಳಿದದ್ದನ್ನು ಸ್ಪಾಸನ ಕೈಗಿಟ್ಟಳು.

"ದೇವ್ರು ದೊಡ್ಡೋನು, ತಾತ ಬದುಕಿದ್ದಾರೆ!" ಎಂದು ಸ್ಟೊಯಾಂಕಕ್ಕ ಹೂವು ಮೂಸಿದಳು. "ಹಾಗಾದ್ರೆ ನನ್ನ ಬೀಗ ಕೇಳಪ್ಪಾ," ಎಂದ ಕೋಲ್ಯೊ.

ಸ್ಪಾಸ್ ಮತ್ತೊಮ್ಮೆ ಎಣಿಸಿದ. ಒಂಬತ್ತು. ಸರಿಯಾಗಿ ಒಂದು ಸಂಪುಟಕ್ಕೆ ಬೇಕಾದ ವರ್ಷಗಳಷ್ಟು.